ಗಾಳಿ ನಮ್ಮ ಮನೆಗಿರಲಿ

ನಮ್ಮೂರಿನ ಗಾಳೆಮ್ಮನ ಗುಡಿಗೆ ಬಾಗಿಲಿಲ್ಲ. ಬಾಗಿಲಿಟ್ಟರೆ ತಾಯಿ ಓಡಾಡುವುದು ಎಲ್ಲಿಂದ ಎಂದು ಹಿರಿಯರು ನಾಲ್ಕು ಕಂಬ ನೆಟ್ಟು ಮೇಲೊಂದು ಚಪ್ಪಡಿ ಹಾಸಿ ಅಷ್ಟಕ್ಕೇ ಕೈತೊಳೆದುಕೊಂಡಿದ್ದಾರೆ. ಒಳಗೆ ಮೂರ್ತಿಯೂ ಇಲ್ಲ. ಒಂದು ಗೂಡು, ಗೂಡಿನಲ್ಲೊಂದು ಹಣತೆ. ಸಂಜೆ ಅದನ್ನು ಹಚ್ಚುವ ಸರದಿ ಊರಿನ ಹೆಂಗಸರದು. ದೀಪ ಹತ್ತಿದ ಮೇಲೆ ಗಂಡಸರು ಎದುರಿನ ಗೋಣಿಮರದ ಕಟ್ಟೆಯ ಮೇಲೆ ಕೂರುತ್ತಾರೆ, ನಾವು ಗುಡಿಯ ಮೆಟ್ಟಿಲ ಮೇಲೆ ಕೂರುತ್ತೇವೆ. ಕಟ್ಟೆಗೆ ಅಂಟಿಕೊಂಡೇ ಬುಡೇನ್ ಸಾಬರ ಹೊಲಿಗೆ ಅಂಗಡಿ. ಅವರು ಮಿಷನ್ನು ತುಳಿಯುವುದನ್ನು ನಿಲ್ಲಿಸಿ, ರೇಡಿಯೋದ ಕಿವಿ ಹಿಂಡಿ, ದನಿ ದೊಡ್ಡದು ಮಾಡುತ್ತಾರೆ. ವಾರ್ತೆ ಯಾರಿಗೂ ಬೇಕಿಲ್ಲ. ಅದರ ಹಿಂದಿನಿಂದ ಬರುವ ಹವಾಮಾನಕ್ಕೆ ಕಾಯುತ್ತೇವೆ.

"ಬಿರುಸಾದ ಗಾಳಿ ಬೀಸುವ ಮತ್ತು ಅಲ್ಲಲ್ಲಿ ಚದುರಿದಂತೆ ಮಳೆಯಾಗುವ ಸಂಭವವಿದೆ," ಎಂದು ರೇಡಿಯೋದ ಹೆಣ್ಣುಮಗಳು ಹೇಳುತ್ತಾಳೆ. ಎಲ್ಲಿ ಕೂತು ಹೇಳುತ್ತಾಳೋ ಏನೋ, ಪಾಪ, ಅವಳು ನಮ್ಮೂರನ್ನು ಕಂಡವಳಲ್ಲ. ಎಲ್ಲಿ, ಯಾರ ಮನೆಗೆ ಎನ್ನುವುದನ್ನು ನಾವು ಕಟ್ಟೆಯಲ್ಲಿ ಗೊತ್ತು ಮಾಡುತ್ತೇವೆ.

ಬುಡೇನ್ ಸಾಬರು ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡೇ ಎದ್ದು ನಿಂತು ಕೇಳುತ್ತಾರೆ: "ಗಾಳಿ ಯಾರ ಮನೆಗಪ್ಪ?" ಯಾರಾದರೊಬ್ಬರು "ನಮ್ಮ ಮನೆಗಿರಲಿ" ಎನ್ನಬೇಕು. ಅಂದವರ ಮನೆಗೆ ಮಾರನೆಯ ದಿನ ಗಾಳಿ ಬರುತ್ತದೆ, ಅಷ್ಟೂ ಗಾಳಿ, ಇಡೀ ಸೀಮೆಯದು. ಪಕ್ಕದ ಮನೆಯ ತುಳಸಿ ಎಲೆ ಕೂಡ ಅಲ್ಲಾಡುವುದಿಲ್ಲ. ಗಾಳಿಗೆ ಮನೆ ಸಿಕ್ಕ ಮೇಲೆಯೇ ಮಳೆಯ ಮಾತು. ಮಳೆಗೆ ಎಲ್ಲರೂ ಬಾಯಿ ಹಾಕುತ್ತಾರೆ. ನನ್ನ ಕಾಯಿಪಲ್ಯದ ಮಡಿಗೆ, ನನ್ನ ಬಾವಿಗೆ, ನನ್ನ ಮಗಳು ಬಾಣಂತಿ, ನೀರು ಸಾಲದು ಎಂದು ಕೇಳಿ ಪಡೆಯುತ್ತಾರೆ. ಕೇಳದೆ ಉಳಿದದ್ದು, ಗಾಳಿಯಾಗಲಿ ಮಳೆಯಾಗಲಿ, ಎಲ್ಲರ ಮನೆಗೂ ಹೋಗುತ್ತದೆ. ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಕಟ್ಟಳೆ ಇಷ್ಟೇ.

ನಮ್ಮದು ಗಾಳಿ ಮನೆ. ನಮ್ಮ ಮಾವನವರ ಕಾಲದಿಂದ, ಅವರ ಅಪ್ಪನ ಕಾಲದಿಂದ, ಬಿರುಸಾದ ಗಾಳಿ ಎಂದು ರೇಡಿಯೋದಲ್ಲಿ ಬಂದರೆ, ರೇಡಿಯೋ ಇಲ್ಲದ ಕಾಲದಲ್ಲಿ ಮೋಡ ನೋಡಿದವರು ಹೇಳಿದರೆ, "ನಮ್ಮ ಮನೆಗಿರಲಿ" ಎನ್ನುವುದು ನಾವೇ. ಯಾಕೆ ಎಂದು ನಾನು ಕೇಳಿದವಳಲ್ಲ. ಯಾರೋ ಒಬ್ಬರು ತಗೋಬೇಕಲ್ಲ ಎಂದು ನಮ್ಮತ್ತೆ ಒಂದು ಸಲ ಅಂದಿದ್ದರು, ಕೇಳದೆಯೇ.

ಗಾಳಿ ಮನೆಯ ಬಾಳುವೆಯೇ ಬೇರೆ. ನಮ್ಮ ಸೂರು ಕುಳ್ಳು. ಹೆಂಚಿನ ಸಾಲಿಗೊಂದು ಕಲ್ಲು ಹೇರಿದೆ. ಒಣಗಿಸಿದ ಬಟ್ಟೆಯನ್ನು ಹಗ್ಗಕ್ಕೆ ಗಂಟು ಹಾಕುತ್ತೇವೆ, ಮಡಕೆಯ ಮುಚ್ಚಳದ ಮೇಲೆ ಇನ್ನೊಂದು ಮಡಕೆ ಇಡುತ್ತೇವೆ. ನೀರು ಬಗ್ಗಿಸುವಾಗ ಗಾಳಿಗೆ ಬೆನ್ನು ಕೊಟ್ಟು, ಚೊಂಬನ್ನು ತೀರಾ ಕೆಳಕ್ಕೆ ಹಿಡಿದು ಬಗ್ಗಿಸುತ್ತೇವೆ. ನಮ್ಮ ಮಕ್ಕಳಿಗೆ ಅದು ತಾನಾಗಿಯೇ ಬರುತ್ತದೆ. ನಾವು ಮಾತಾಡುವುದು ಜೋರು. ಬೇರೆಯವರು ಜಗಳ ಅಂದುಕೊಳ್ಳುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮೊದಲ ಗಾಳಿ ಬಂದಾಗ ಹೆದರಿ ಬೀದಿಗೆ ಓಡಲು ಎದ್ದಿದ್ದೆ. ನಮ್ಮತ್ತೆ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ರಾಗಿ ಬೀಸುವ ಕಲ್ಲಿನ ಮೇಲುಗಲ್ಲನ್ನು ಎತ್ತಿ ನನ್ನ ಸೆರಗಿನ ಮೇಲಿಟ್ಟರು. "ಇನ್ನು ಎದ್ದರೆ ಸೀರೆ ಇಲ್ಲೇ ಉಳಿತದೆ. ಕೂತ್ಕೊ. ಅದು ಬಂದದ್ದೇ ಹೋಗೋಕೆ," ಅಂದರು. ಅಲ್ಲಿಂದ ನಾನೂ ಗಾಳಿ ಮನೆಯವಳಾದೆ.

ಊರಿನಲ್ಲಿ ನಮಗೆ ಒಂದು ಮರ್ಯಾದೆ ಇದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾವಿಕಟ್ಟೆಯಲ್ಲಿ ನನ್ನ ಕೊಡಕ್ಕೆ ಮೊದಲು ಜಾಗ ಬಿಡುತ್ತಾರೆ, ಅಷ್ಟೇ. ನಮ್ಮನೆಯವರು, ಊರು ಕರೆಯುವುದು ದೊಡ್ಡೀರಯ್ಯ ಎಂದು, ಗಾಳಿ ತಗೊಂಡಿದ್ದಕ್ಕೆ ಬದಲಾಗಿ ಒಂದು ದಿನವೂ ಮಳೆ ಕೇಳಿದವರಲ್ಲ. ಎದುರುಮನೆ ರಂಗಕ್ಕ ನನ್ನ ಹೆಸರು ಹಿಡಿದು ಅಣಕಿಸುವುದುಂಟು: "ಸಾಕಮ್ಮ, ನಿನ್ ಗಂಡ ಬುಡು, ಸ್ವರ್ಗದಲ್ಲೂ ಹೋಗಿ ಬಾಗಿಲ ಸಂದೀಲೇ ಕೂರೋನು." ನಾನು ನಗುತ್ತೇನೆ. ಒಳಗೊಳಗೇ ಹೆಮ್ಮೆ ಪಡುತ್ತೇನೆ. ತಾಯಿ ಗಾಳೆಮ್ಮ ಅದನ್ನು ಪಾಪ ಎಂದು ಬರೆದುಕೊಂಡಿರಲಾರಳು.

ಈಗ ನಮ್ಮ ಮಗಳು ಮಾದೇವಿಯ ಮದುವೆಯ ಮಾತಿಗೆ ಬರುತ್ತೇನೆ.

ಗಂಡು ನಿಂಗರಾಜು, ಘಟ್ಟದ ಆಚೆಯ ಪೇಟೆಯವನು. ಒಳ್ಳೆಯ ಹುಡುಗ, ಮಾತು ಕಡಮೆ. ಅವನ ತಾಯಿ ಜವರಮ್ಮನದು ಹಾಗಲ್ಲ. ಮಾತುಕತೆಯ ದಿನವೇ ನಮ್ಮ ಸೂರನ್ನು ಕತ್ತೆತ್ತಿ ನೋಡಿ, "ಇದೇನ್ರವ್ವಾ, ಮನೆ ಮೇಲೆ ಕಲ್ಲು ಮಡಗಿದ್ದೀರಿ, ಹಾರೋಗ್ತದಾ?" ಅಂದಿದ್ದರು. ಅವರದೊಂದೇ ಷರತ್ತು. ಹಸಿರು ಚಪ್ಪರದ ಕೆಳಗೇ ಧಾರೆ ಆಗಬೇಕು. ಅವರ ಮನೆತನದಲ್ಲಿ ಯಾರದೋ ಚಪ್ಪರ ಧಾರೆಗೆ ಮುಂಚೆ ಕುಸಿದು, ಆ ಹೆಣ್ಣು ಬಾಳಲಿಲ್ಲವಂತೆ. "ಚಪ್ಪರ ಬಿತ್ತು ಅಂದ್ರೆ ನಾನು ಮಗನ್ನ ಕರ್ಕೊಂಡು ಎದ್ದೋಗ್ತೀನಿ. ಮನಸ್ಸಿಗೆ ಹಚ್ಕೋಬೇಡಿ, ಮೊದಲೇ ಹೇಳಿರ್ತೀನಿ," ಎಂದರು. ನಾವು ಆಗಲಿ ಎಂದೆವು. ಗಾಳಿ ಮನೆಯ ಅಂಗಳದಲ್ಲಿ ಚಪ್ಪರ ಎಂದರೆ ಏನು ಎಂದು ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ಆದರೂ ಧೈರ್ಯವಿತ್ತು. ಯಾಕೆಂದರೆ ಆ ಒಂದು ದಿನಕ್ಕೆ ಗಾಳಿಯನ್ನು ತಾನು ತಗೊಳ್ಳುತ್ತೇನೆ ಎಂದು ಬಡಗಿ ವೀರಾಚಾರಿ ತಾನಾಗಿ ಬಂದು ಒಪ್ಪಿಕೊಂಡಿದ್ದ. "ಈರಣ್ಣ, ನಿನ್ ಮಗಳ ಮದ್ವೆ ದಿನ ನನ್ ಮನೆಗಿರ್ಲಿ. ಹೆಂಚು ಹೋದ್ರೆ ನಾನೇ ಬಡಗಿ, ನಾನೇ ಹೊದಿಸ್ಕೋತೀನಿ," ಎಂದಿದ್ದ. ಊರಿಗೆಲ್ಲ ಗೊತ್ತಾಗಿತ್ತು. ವೀರಾಚಾರಿಯ ಹೆಂಡತಿ ನನ್ನ ಹತ್ತಿರ ಬಂದು ಮಡಕೆ ಹೇಗೆ ಜೋಡಿಸಬೇಕು ಎಂದು ಕೇಳಿಕೊಂಡೂ ಹೋಗಿದ್ದಳು.

ಮದುವೆಯ ಹಿಂದಿನ ಸಂಜೆ. ಚಪ್ಪರ ಎದ್ದಿತ್ತು, ಪೂಜೆ ಮಾಡಿ ಹಾಲುಗಂಬ ನೆಟ್ಟಾಗಿತ್ತು. ಮಾದೇವಿಗೆ ಅರಿಶಿನ ಹಚ್ಚಿ ಒಳಗೆ ಕೂರಿಸಿ, ಒಂದು ಗಳಿಗೆ ತಾಯಿಗೆ ಕೈಮುಗಿದು ಬರೋಣ ಎಂದು ನಾನು ಗುಡಿಗೆ ಬಂದೆ. ನಮ್ಮನೆಯವರು ಕಟ್ಟೆಯಲ್ಲಿ ಒಬ್ಬೊಬ್ಬರಿಗೂ ವೀಳ್ಯ ಕೊಟ್ಟು, "ನಾಳೆ ಬೆಳಗ್ಗೇನೇ ಬಂದ್ಬುಡಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ವೀರಾಚಾರಿ ಆ ವೀಳ್ಯವನ್ನೇ ಜಗಿಯುತ್ತ ಕೂತಿದ್ದ. ರೇಡಿಯೋ ಹೇಳಿತು, ಬಿರುಸಾದ ಗಾಳಿ, ಅಲ್ಲಲ್ಲಿ ಚದುರಿದಂತೆ ಮಳೆ. ಬುಡೇನ್ ಸಾಬರು ಎದ್ದರು. "ಗಾಳಿ ಯಾರ ಮನೆಗಪ್ಪ?" ಎನ್ನುತ್ತ ವೀರಾಚಾರಿಯ ಕಡೆಯೇ ನೋಡಿದರು. ತಾಯಿಯ ಎದುರು ಬಾಯಲ್ಲಿ ಎಂಜಲಿಟ್ಟುಕೊಂಡು ಆ ಮಾತು ಆಡುವಂತಿಲ್ಲ. ವೀರಾಚಾರಿ ಉಗುಳಲು ಕಟ್ಟೆಯ ಹಿಂದಕ್ಕೆ ಬಾಗಿದ.

ಅಷ್ಟರಲ್ಲಿ ನಮ್ಮನೆಯವರು, ಕೈಯಲ್ಲಿ ಇನ್ನೊಬ್ಬರಿಗೆ ಚಾಚಿದ ವೀಳ್ಯ ಹಾಗೇ ಇದೆ, ತಿರುಗಿ ಕೂಡ ನೋಡದೆ, ದಿನಾ ಅಂದ ಹಾಗೆಯೇ ಅಂದರು: "ನಮ್ಮ ಮನೆಗಿರಲಿ."

ರೇಡಿಯೋದಲ್ಲಿ ಯಾವುದೋ ಹಾಡು ಶುರುವಾಗಿತ್ತು, ಬುಡೇನ್ ಸಾಬರು ಕೈಚಾಚಿ ಆರಿಸಿದರು. ವೀರಾಚಾರಿ ಬಾಯಿ ಒರೆಸಿಕೊಂಡು ಎದ್ದು ನಿಂತವನು ಹಾಗೇ ನಿಂತ.

"ಈರಣ್ಣ," ಎಂದರು ಸಾಬರು ಮೆಲ್ಲಗೆ, "ನಾಳೆ ಮದುವೆ ಕಣಣ್ಣ."

ನಮ್ಮನೆಯವರು ತಮ್ಮ ಕೈಯಲ್ಲಿದ್ದ ವೀಳ್ಯ ನೋಡಿಕೊಂಡರು. ಆಗ ಅವರಿಗೆ ಗೊತ್ತಾಯಿತು. ನನ್ನ ಕಡೆ ಒಂದು ಸಲ ನೋಡಿದರು. ಅಷ್ಟು ವರ್ಷದ ಸಂಸಾರದಲ್ಲಿ ಆ ಮುಖ ನಾನು ಕಂಡಿರಲಿಲ್ಲ. "ಅಂದದ್ದು ಅಂದಾಯ್ತಲ್ಲ ಬುಡೇನಣ್ಣ," ಎಂದರು. "ನಮ್ಮನೆಗೇ ಬರ್ಲಿ. ಮಳೆ ಕೇಳಿ ನೀವು."

ಯಾರೂ ಮಳೆ ಕೇಳಲಿಲ್ಲ. ಕೇಳುವ ಮನಸ್ಸು ಯಾರಿಗೂ ಬರಲಿಲ್ಲ. ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ನನಗೆ ನೆನಪಿರುವಂತೆ, ಮಳೆ ಕೇಳದೆ ಕಟ್ಟೆ ಎದ್ದದ್ದು ಅದೇ ಮೊದಲು.

ಮನೆಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮಾದೇವಿ ಅರಿಶಿನದ ಮುಖ ಹೊತ್ತು ನಡುಮನೆಯಲ್ಲಿ ನಿಂತಿದ್ದಳು. "ನನ್ ಮದ್ವೆ ದಿನಾನೂ ಬೇರೆಯವರ ಹೆಂಚೇ ದೊಡ್ಡದಾಯ್ತೇನಪ್ಪ?" ಎಂದು ಕೇಳಿದಳು. ಅವಳ ಅಪ್ಪ ಜಗಲಿಯ ಮೇಲೆ ಕೂತು ಚಪ್ಪರದ ಕಡೆ ನೋಡುತ್ತಿದ್ದರು. ಅವಳಿಗೆ ನಿಂಗರಾಜು ಇಷ್ಟವಾಗಿದ್ದ. ಅದು ನನಗೆ ಗೊತ್ತಿತ್ತು. ಚಪ್ಪರ ಬಿದ್ದರೆ ಜವರಮ್ಮ ಏನು ಮಾಡುತ್ತಾರೆ ಎನ್ನುವುದೂ ಇಬ್ಬರಿಗೂ ಗೊತ್ತಿತ್ತು. ನಾನು ಅವಳ ಪಕ್ಕ ಕೂತೆ. "ನಿಮ್ಮಪ್ಪ ಆಲೋಚನೆ ಮಾಡಿ ಅಂದಿದ್ರೆ ನಾನೂ ಬೈತಿದ್ದೆ ಕಣವ್ವ. ಆಲೋಚನೆಗೆ ಮುಂಚೆ ಬಂದ ಮಾತದು. ಅಷ್ಟು ಆಳಕ್ಕೆ ಇಳಿದದ್ದನ್ನ ಏನಂತ ಬೈಯ್ಯಲಿ?" ಎಂದೆ. ಅವಳು ಎದ್ದಳು. ಹೊರಗೆ ಹೋಗಿ ಅಪ್ಪನ ಪಕ್ಕ ಕೂತಳು. ಆಮೇಲೆ ಅಪ್ಪ ಮಗಳು ಸೇರಿ ಚಪ್ಪರದ ಗಂಟುಗಳನ್ನು ಒಂದೊಂದಾಗಿ ಬಿಗಿ ಮಾಡತೊಡಗಿದರು.

ರಂಗಕ್ಕ ದೀಪ ಹಿಡಿದು ಬಂದಳು. "ನಮ್ ಹಟ್ಟೀಲಿ ಮಾಡ್ಬುಡಿ ಧಾರೆಯ. ಅಲ್ಲಿ ಗಾಳಿ ಬರಾಕಿಲ್ವಲ್ಲ," ಎಂದಳು.

"ಹಾಲುಗಂಬ ನೆಟ್ಟಾಗದೆ ರಂಗಿ. ಕೀಳೋ ಹಾಗಿಲ್ಲ," ಎಂದರು ನಮ್ಮನೆಯವರು.

"ಹಂಗಾರೆ ನಾವೇ ಇಲ್ಲಿಗೆ ಬತ್ತೀವಿ ಬುಡು," ಎಂದು ಹೊರಟುಹೋದಳು. ಮದುವೆಗೆ ಬರುತ್ತೇನೆ ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ.

ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ ಅಂಗಳದಲ್ಲಿ ವೀರಾಚಾರಿ ನಿಂತಿದ್ದ. ಮೂಲೆಯ ಕಂಬವೊಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ. "ಉಗುಳಾಕ್ ಹೋಗಿ ಮನೆ ಕೆಡಿಸ್ದೆ ಕಣಕ್ಕ. ಈ ಕಂಬ ನಂದು. ಧಾರೆ ಆಗೋಗಂಟ ಬುಡಾಕಿಲ್ಲ," ಎಂದ. ಅವನ ಹಿಂದೆ ಅವನ ಹೆಂಡತಿ, ಆಮೇಲೆ ಬುಡೇನ್ ಸಾಬರು, ಅವರ ಮಕ್ಕಳು, ರಂಗಕ್ಕ, ಅವಳ ಸೊಸೆಯಂದಿರು, ಬೀದಿ ಬೀದಿಯಾಗಿ ಜನ. ಎಲೆ ಮುಂದೆ ಕೂರಲು ಬಂದವರ ಹಾಗೆ ಬರಲಿಲ್ಲ. ಒಬ್ಬೊಬ್ಬರು ಒಂದೊಂದು ಕಂಬ ಹಿಡಿದರು, ಕಂಬ ಸಿಗದವರು ಹಗ್ಗ ಹಿಡಿದರು, ಹಗ್ಗ ಸಿಗದವರು ಹಗ್ಗ ಹಿಡಿದವರ ಸೊಂಟ ಹಿಡಿದರು. ಗಾಳಿಯನ್ನು ಹಂಚಿಕೊಳ್ಳುವ ಹಾಗಿಲ್ಲ, ಸರಿ. ಗಾಳಿ ಬಂದ ಮನೆಗೆ ನೆಂಟರು ಬರಬಾರದು ಎಂದು ಯಾವ ಕಟ್ಟಳೆಯಲ್ಲೂ ಇಲ್ಲ. ಇಷ್ಟು ತಲೆಮಾರು ಯಾರಿಗೂ ಹೊಳೆದಿರಲಿಲ್ಲ ಅಷ್ಟೇ.

ಬೀಗರು ಬಂದರು. ಜವರಮ್ಮ ಅಂಗಳದ ಬಾಯಲ್ಲಿ ನಿಂತು ಸುತ್ತ ನೋಡಿ, "ಮದ್ವೆ ಮಾಡ್ತೀರೋ, ತೆಪ್ಪ ಬುಡ್ತೀರೋ?" ಎಂದರು. ರಂಗಕ್ಕ ಹಗ್ಗ ಬಿಡದೆ, "ಎರಡೂ ಒಂದೇ ಅಲ್ವರಾ ಬೀಗಿತ್ತೀರೇ? ಹತ್ತಿ, ಕೂತ್ಕಳಿ," ಎಂದಳು.

ನಿಂಗರಾಜುವಿನ ಕಾಲು ತೊಳೆಯುವ ಹೊತ್ತಿಗೆ ನಮ್ಮ ಕೋಳಿಗಳು ತಾವಾಗಿ ಹೋಗಿ ಪಂಜರದ ಒಳಗೆ ಕೂತವು. ಒಲೆಯ ಬೂದಿ ಸಣ್ಣಗೆ ಅದುರಿತು. ನಾನು ನಮ್ಮನೆಯವರ ಮುಖ ನೋಡಿದೆ, ಅವರು ತಲೆಯಾಡಿಸಿದರು. ಬಂತು.

ಆ ಗಾಳಿಯನ್ನು ಹೇಗೆ ಹೇಳಲಿ? ನಮಗೆ ಅದು ಗೊತ್ತಿದ್ದ ಗಾಳಿಯೇ. ಆದರೆ ನಮ್ಮೂರಿನ ಮಿಕ್ಕ ಜನ ಹುಟ್ಟಿದಾಗಿನಿಂದ ಗಾಳಿ ಎಂದರೆ ಬೀಸಣಿಗೆಯ ಗಾಳಿ ಎಂದುಕೊಂಡವರು. ಅವರ ಮನೆಗಳಿಗೆ ಅದು ಯಾವತ್ತೂ ಹೋಗಿರಲಿಲ್ಲ. ಮೊದಲ ಹೊಡೆತಕ್ಕೆ ಸಾಬರ ಟೋಪಿ ಹಾರಿ ಕೊಟ್ಟಿಗೆಯ ಆಚೆ ಹೋಯಿತು. ಅವರು ಕಣ್ಣು ಮುಚ್ಚಿ ತಮ್ಮ ದೇವರ ಹೆಸರು ಹೇಳುತ್ತ ಕಂಬಕ್ಕೆ ಕೆನ್ನೆ ಒತ್ತಿದರು. ಚಪ್ಪರದ ತೆಂಗಿನ ಗರಿಗಳು ಒಂದೇ ಸಲ ಎದ್ದು ನಿಂತವು. ಇಡೀ ಚಪ್ಪರ ಒಂದು ಮೊಳ ಮೇಲಕ್ಕೆ ಹೋಗಿ, ಜನರ ಭಾರಕ್ಕೆ ಮತ್ತೆ ಕೆಳಗೆ ಬಂತು. ರಂಗಕ್ಕ ನನ್ನನ್ನೇ ನೋಡುತ್ತಿದ್ದಳು. ಕೂದಲು ಬಿಚ್ಚಿಹೋಗಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಗಾಳಿಗೋ ಯಾತಕ್ಕೋ. "ಇದಾ ಸಾಕಮ್ಮ?" ಎಂದು ಕೂಗಿದಳು. "ಇಷ್ಟು ವರ್ಸ ನೀವು ಇದನ್ನಾ ತಕ್ಕಂತಿದ್ದದ್ದು?" ನಾನು ತಲೆಯಾಡಿಸಿದೆ.

ಜವರಮ್ಮ ಎದ್ದರು. ಮಗನ ತೋಳು ಹಿಡಿದು, "ನಡಿ, ಇದು ಬೀಳ್ತದೆ, ಬೀಳೋಕ್ ಮುಂಚೆ ನಡಿ," ಎಂದರು. ರಂಗಕ್ಕ ಹಗ್ಗವನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಓಡಿ, ನಮ್ಮ ಬೀಸುಕಲ್ಲಿನ ಮೇಲುಗಲ್ಲು ಎತ್ತಿಕೊಂಡು ಬಂದು, ಜವರಮ್ಮನ ಹೆಗಲು ಒತ್ತಿ ಕೂರಿಸಿ, ಸೆರಗಿನ ಮೇಲೆ ಧಡ್ಡನೆ ಇಟ್ಟಳು. ನನ್ನ ಹೊಸತರ ಕಥೆ ಅವಳಿಗೆ ನಾನೇ ಹೇಳಿದ್ದೆ. "ಇನ್ನು ಎದ್ರೆ ಸೀರೆ ಇಲ್ಲೇ," ಎಂದಳು. ಜವರಮ್ಮ ಕಲ್ಲನ್ನು ನೋಡಿದರು, ಮೇಲೆ ಚಪ್ಪರ ನೋಡಿದರು, ಕೊನೆಗೆ ಕಂಬ ತಬ್ಬಿ ನಿಂತ ಜನರನ್ನು ನೋಡಿದರು. ಅಲ್ಲಿಂದಾಚೆ ಕೂತೇ ಇದ್ದರು. ನಿಂಗರಾಜು ಎದ್ದೇ ಇರಲಿಲ್ಲ.

ಐನೋರು ಮಂತ್ರ ಹೇಳುತ್ತಿದ್ದದ್ದು ಅವರ ತುಟಿಯಿಂದ ಮಾತ್ರ ಗೊತ್ತಾಗುತ್ತಿತ್ತು. ಧಾರೆಯ ಹೊತ್ತು ಬಂತು. ನಮ್ಮನೆಯವರು ಮಗಳ ಕೈ ಹಿಡಿದು ಅಳಿಯನ ಕೈಯೊಳಗಿಟ್ಟರು. ನಾನು ಗಿಂಡಿಯಿಂದ ಹಾಲು ನೀರು ಬಿಡಬೇಕು. ಧಾರೆ ಕೈಯ ಮೇಲೆ ಬೀಳದೆ ಆಚೆ ಹಾರಿದರೆ ಅದನ್ನು ಧಾರೆ ಎನ್ನುವುದು ಹೇಗೆ? ಜವರಮ್ಮ ಕಲ್ಲಿನ ಪಕ್ಕದಿಂದ ಕತ್ತು ಚಾಚಿ ನೋಡುತ್ತಿದ್ದರು. ನಾನು ತಾಯಿಯನ್ನು ನೆನೆದೆ. ದಿನಾ ನಮ್ಮ ಮಕ್ಕಳಿಗೆ ಮಜ್ಜಿಗೆ ಬಗ್ಗಿಸಿದ ಹಾಗೆಯೇ ಗಾಳಿಗೆ ಬೆನ್ನು ಕೊಟ್ಟೆ, ಮೊಣಕೈ ಮೈಗೆ ಒತ್ತಿದೆ, ಗಿಂಡಿಯ ಮೂತಿಯನ್ನು ಅವರ ಬೆರಳಿಗೆ ತಾಗುವಷ್ಟು ಕೆಳಕ್ಕೆ ತಂದೆ. ಒಂದು ಹನಿ ಆಚೆ ಹೋಗಲಿಲ್ಲ. ನಮ್ಮನೆಯವರು ಎದೆ ತುಂಬ ಉಸಿರು ತಗೊಂಡು, ಗಾಳಿಯ ಮೇಲೆ ಕೇಳಿಸುವ ಹಾಗೆ "ಗಟ್ಟಿಮೇಳ" ಎಂದು ಕೂಗಿದರು. ಗಾಳಿ ಮನೆಯ ಗಂಟಲು ಅದು. ಓಲಗದವರಿಗೆ ಕೇಳಿಸಿತು. ಬೀದಿಯ ಕೊನೆಯವರೆಗೂ ಕೇಳಿಸಿತು. ನಿಂಗರಾಜು ತಾಳಿ ಕಟ್ಟಿದ. ಮಾದೇವಿ ತಾಳಿಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು, ಹಾರದಿರಲಿ ಎಂದು.

ಮಧ್ಯಾಹ್ನಕ್ಕೆ ಗಾಳಿ ಇಳಿಯಿತು. ಜನ ಕಂಬ ಬಿಟ್ಟು ಕೈ ಕೊಡವಿಕೊಂಡು ನಿಂತರು. ಆಗ ಹನಿ ಬಿತ್ತು. ಯಾರೂ ಕೇಳದೆ ಉಳಿದಿದ್ದ ಮಳೆ ಅದು. ಎಲ್ಲರ ಮನೆಗೂ ಹೋಗಬೇಕಾದದ್ದು, ಎಲ್ಲರೂ ನಮ್ಮ ಅಂಗಳದಲ್ಲೇ ಇದ್ದರೂ, ಬೀದಿಯುದ್ದಕ್ಕೂ ಒಂದೊಂದು ಹಟ್ಟಿಗೂ ಒಂದೊಂದು ಹಿಡಿ ಅಕ್ಷತೆಯ ಹಾಗೆ ಬಿದ್ದು ನಿಂತಿತು. ನಮಗೂ ಒಂದು ಹಿಡಿ ಬಂತು. ನಮ್ಮನೆಯವರು ಅಲ್ಲಲ್ಲಿ ಗರಿ ಹಾರಿ ಬರಿದಾದ ಚಪ್ಪರದ ಕೆಳಗೆ ಮುಖವೆತ್ತಿ ನಿಂತಿದ್ದರು. ಬೀಗರು ಹೆಣ್ಣು ಕರೆದುಕೊಂಡು ಹೊರಟಾಗ ಜವರಮ್ಮ ಗಾಡಿ ಹತ್ತುವ ಮುಂಚೆ ನಮ್ಮ ಸೂರಿನ ಮೇಲಿನ ಕಲ್ಲುಗಳನ್ನು ಒಂದು ಸಲ ನೋಡಿದರು.

ಬೇಸಗೆ ಕಳೆದು ಗಾಳಿಯ ಕಾಲ ಮತ್ತೆ ಬಂತು. ಒಂದು ದಿನ ಬಸ್ಸಿಳಿದು ಜವರಮ್ಮ ಒಬ್ಬರೇ ಬಂದರು. ಸೀದಾ ಜಗಲಿಗೆ ಬಂದು, ಚೀಲದಿಂದ ಒಡೆದ ಹೆಂಚಿನ ಚೂರೊಂದನ್ನು ತೆಗೆದು ನಮ್ಮ ಮುಂದೆ ಇಟ್ಟರು.

"ನಿಮ್ ಮಗಳ ಕೆಲಸ," ಎಂದರು.

ನಮ್ಮನೆಯವರು ಎದ್ದು ನಿಂತರು.

"ನಮ್ ಪೇಟೇಲಿ ರೇಡಿಯೋ ಅದರ ಪಾಡಿಗೆ ಅದು ಹೇಳ್ತದೆ, ನಾವು ನಮ್ ಪಾಡಿಗೆ ಇರ್ತೀವಿ. ಬಂದರೆ ಎಲ್ಲರಿಗೂ ಬರ್ತದೆ. ಮೊನ್ನೆ ಅವಳು ರೊಟ್ಟಿ ತಟ್ತಾ ಇದ್ದಳು. ಬಿರುಸಾದ ಗಾಳಿ ಅಂತ ರೇಡಿಯೋ ಅಂತು. ಇವಳು ತಲೆ ಎತ್ತದೆ, ನಮ್ಮ ಮನೆಗಿರಲಿ ಅಂದಳು. ನಾನು, ಏನವ್ವ ಅಂದೆ ಅಂತ ಕೇಳಿದ್ರೆ, ಹಿಟ್ಟಿನ ಕೈಲಿ ಬಾಯಿ ಮುಚ್ಕೊಂಡಳು." ಜವರಮ್ಮ ಒಂದು ಉಸಿರು ತಗೊಂಡರು. "ಮಾರನೇ ದಿನ ಬಂತು ನೋಡಿ. ಪೇಟೆಯಲ್ಲೆಲ್ಲ ಒಂದು ಎಲೆ ಅಲ್ಲಾಡಲಿಲ್ಲ. ನಮ್ ಮನೆ ಮೇಲೆ ಮಾತ್ರ."

"ಮಗೀನ ಬೈದ್ರಾ?" ಎಂದು ನಮ್ಮನೆಯವರು ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿ ನಾನು ಕೇಳಿರಲಿಲ್ಲ.

"ಬೈದೆ. ಬೈಯ್ಯದೆ ಏನು? ಮೊದಲು ಒಂದು ಕಲ್ಲು ಹುಡುಕಿ ಸೆರಗಿನ ಮೇಲಿಟ್ಕೊಂಡು ಕೂತೆ, ಆಮೇಲೆ ಬೈದೆ. ಅವಳು ಅಷ್ಟೊತ್ತಿಗೆ ಮಡಕೆ ಮೇಲೆ ಮಡಕೆ ಇಟ್ಟು, ಹಗ್ಗ ಕಟ್ಟಿ, ನನ್ ಮಗನ ಕೈಗೆ ಬಾಗಿಲ ಅಗುಳಿ ಕೊಟ್ಟು ನಿಲ್ಸಿದ್ದಳು." ಅವರು ನಗಲಿಲ್ಲ, ಆದರೆ ತುಟಿಯ ತುದಿ ಮಾತು ಕೇಳಲಿಲ್ಲ. "ಸಂಜೆಗೆ ಬೀದಿಯೋರೆಲ್ಲ ಬಂದು ಬಾಗಿಲಲ್ಲಿ ನಿಂತ್ರು. ಇದೇನು ಜವರಮ್ಮ, ನಿಮ್ ಮನೆಗೊಂದಕ್ಕೇ ಹಿಂಗೆ ಅಂದ್ರು. ನಮ್ಮದು ಗಾಳಿ ಮನೆ ಅಂದೆ. ಸೊಸೆ ತಂದಿದ್ದಾಳೆ ಅಂದೆ. ಈಗ ನಲ್ಲೀಲಿ ನೀರು ಹಿಡಿಯೋವಾಗ ನನ್ ಕೊಡ ಮೊದಲು ಇಡಿಸ್ತಾರೆ."

ನಾನು ಒಳಗೆ ಹೋಗಿ ನಮ್ಮ ದೇವರ ಗೂಡಿನ ಮುಂದೆ ಒಂದು ಗಳಿಗೆ ನಿಂತೆ. ತಾಯಿಗೆ ಕೈಮುಗಿದೆ. ಅವಳಿಗೆ ಘಟ್ಟದ ಆಚೆಗೂ ಒಂದು ಮನೆಯಾಯಿತು.

ಊಟ ಮಾಡುವಾಗ ಜವರಮ್ಮ ಬಂದ ಕೆಲಸ ಹೇಳಿದರು. "ನಮ್ ಕಡೆ ಕಲ್ಲೆಲ್ಲ ಉರುಟು. ಸೆರಗಿನ ಮೇಲೆ ನಿಲ್ಲಲ್ಲ, ಜಾರ್ತದೆ. ಅವತ್ತು ಇಟ್ಟಿದ್ರಲ್ಲ, ಅದನ್ನ ಕೊಡ್ತೀರಾ?"

ಆ ಮೇಲುಗಲ್ಲು ನಮ್ಮತ್ತೆಗೆ ಅವರ ಅತ್ತೆ ಕೊಟ್ಟದ್ದು. ನಾನು ನಮ್ಮನೆಯವರನ್ನು ಕೇಳಲಿಲ್ಲ. ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಗೋಣಿಯಲ್ಲಿ ಸುತ್ತಿ ಕೊಟ್ಟೆ. ನಮ್ಮನೆಯವರೇ ಅದನ್ನು ಹೆಗಲ ಮೇಲೆ ಹೊತ್ತು ಬಸ್ಸಿನವರೆಗೆ ಬಂದರು. ರಂಗಕ್ಕ ತನ್ನ ಬಾಗಿಲಲ್ಲಿ ನಿಂತು, "ಬೀಗಿತ್ತೀರೇ, ರಾಗಿ ಬೀಸಾಕೂ ಬತ್ತದೆ ಅದು," ಎಂದು ಕೂಗಿದಳು. ಜವರಮ್ಮ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತರು. ಗೋಣಿ ಬಿಚ್ಚಿ ಕಲ್ಲನ್ನು ತೊಡೆಯ ಪಕ್ಕ ಇಟ್ಟುಕೊಂಡರು. ಬಸ್ಸು ಹೊರಟಾಗ, ದಾರಿಯಲ್ಲೇ ಬಂದರೂ ಬರಲಿ ಎನ್ನುವವರ ಹಾಗೆ, ಸೆರಗಿನ ತುದಿಯನ್ನು ಎಳೆದು ಅದರ ಅಡಿಗೆ ಸೇರಿಸಿ ಬೆನ್ನು ನೆಟ್ಟಗೆ ಮಾಡಿ ಕೂತರು.